‘ಯಾವುದರ ಅರ್ಧ?’ ಎಂಬ ಪ್ರಶ್ನೆಯನ್ನು ಕೇಳಿಸಿಕೊಂಡ ತಪ್ಪಿಗೆ

ಶಿಕ್ಷಕರ ತರಬೇತಿಯ ಮುಖ್ಯ ಪರೀಕ್ಷಕರೇ,

ಪಾಠ ಹೇಳಿದ್ದಕ್ಕಾಗಿ ನನ್ನ ಮಗಳನ್ನು ತಾವು ಫೇಲು ಮಾಡಿದ್ದೀರಿ. ಅರ್ಜಿಯನ್ನು ‘ಐ ಬೆಗ್ ಟು ಸ್ಟೇಟ್’ ಎಂದು ಶುರುಮಾಡಬೇಕೆಂದು ನಮಗೆ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಬೆಗ್ ಮಾಡಿ ಮೂರು ಅರ್ಜಿ ಹಾಕಿದೆ, ಉತ್ತರವಿಲ್ಲ. ಈಗ ಬರೀ ಸ್ಟೇಟ್ ಮಾಡುತ್ತಿದ್ದೇನೆ, ಅದೂ ಪತ್ರಿಕೆಯಲ್ಲಿ.

ತಮ್ಮ ತರಬೇತಿಯಲ್ಲಿ ಪಾಠಯೋಜನೆ ಎಂಬ ಉದ್ದನೆಯ ಪುಸ್ತಕವಿದೆ. ಅದರಲ್ಲಿ ‘ಮಕ್ಕಳಿಂದ ನಿರೀಕ್ಷಿತ ಉತ್ತರ’ ಎಂದೊಂದು ಕಾಲಂ. ಮಗು ಬಾಯಿ ತೆರೆಯುವ ಒಂದು ವಾರ ಮೊದಲೇ ಅದು ಏನು ಹೇಳುತ್ತದೆಂದು ನೀಲಿ ಶಾಯಿಯಲ್ಲಿ ಬರೆದಿಡಬೇಕು. ನನ್ನ ಹೆಂಡತಿಯ ಜೊತೆ ಮೂವತ್ತೊಂದು ವರ್ಷ ಬಾಳಿದೆ; ಆಕೆ ಮುಂದೇನು ಹೇಳುತ್ತಾಳೆಂದು ಒಂದು ದಿನವೂ ಸರಿಯಾಗಿ ಊಹಿಸಲಿಲ್ಲ. ಈಗ ಆಕೆಯಿಲ್ಲ, ‘ವಿಷಯಕ್ಕೆ ಬನ್ನಿ ಅಂದ್ರೆ’ ಎಂದು ಗದರಿಸುವವರಿಲ್ಲ. ಆದರೂ ಬರುತ್ತೇನೆ.

ಮಗಳ ಪಾಠಬೋಧನೆಯ ಪರೀಕ್ಷೆಯ ದಿನ: ಐದನೇ ತರಗತಿ, ಭಿನ್ನರಾಶಿಯ ಪಾಠ. ತಾವು ಹಿಂದಿನ ಬೆಂಚಿನಲ್ಲಿ. ‘ಅರ್ಧ ದೊಡ್ಡದೋ, ಕಾಲು ದೊಡ್ಡದೋ?’ ಎಂದು ಮಗಳು ಕೇಳಿದಳು. ಕಾಲಂನಲ್ಲಿದ್ದದ್ದು ‘ಅರ್ಧ’. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು, ‘ಯಾವುದರ ಅರ್ಧ, ಮಿಸ್?’

ಮಗಳು ಸೀಮೆಸುಣ್ಣ ಕೆಳಗಿಟ್ಟಳು. ಬಸ್ ಟಿಕೆಟ್ಟನ್ನು ಎರಡಾಗಿ, ಹಳೆಯ ಪತ್ರಿಕೆಯ ಹಾಳೆಯನ್ನು ನಾಲ್ಕಾಗಿ ಹರಿದು, ಟಿಕೆಟ್ಟಿನ ಅರ್ಧದ ಪಕ್ಕದಲ್ಲಿ ಹಾಳೆಯ ಕಾಲುಭಾಗ ಹಿಡಿದಳು. ತರಗತಿಯೆಲ್ಲ ಹೋ ಎಂದಿತಂತೆ. ತಾವು ಬರೆದಿರಿ: ‘ನಿರೀಕ್ಷಿತ ಉತ್ತರ ಬರಲಿಲ್ಲ. ಶಿಸ್ತು ಕೆಟ್ಟಿತು.’ ಆಮೇಲೆ ಅವಳನ್ನು ಶಿಕ್ಷಕರ ಕೋಣೆಗೆ ಕರೆಸಿ ವಿಚಾರಣೆ.

‘ಮಗು ಹೀಗೆ ಕೇಳುತ್ತೆ ಅಂತ ಯೋಜನೇಲಿ ಬರೆದಿದ್ಯೇನಮ್ಮಾ?’

‘ಇಲ್ಲ ಸರ್. ಅವಳು ಕೇಳೋವರೆಗೂ ನಂಗೂ ಹೊಳೆದಿರ್ಲಿಲ್ಲ.’

‘ಹಾಗಾದ್ರೆ ಅವಳು ಕೇಳಬಾರದಿತ್ತು.’

ಭೇಷ್! ಪಕ್ಕದ ಕೋಣೆಯ ಅಭ್ಯರ್ಥಿ ಹಿಂದಿನ ದಿನವೇ ಮಕ್ಕಳಿಗೆ ಉತ್ತರಗಳನ್ನೆಲ್ಲ ಉರು ಹೊಡೆಸಿದ್ದಳು. ಆಕೆಗೆ ಡಿಸ್ಟಿಂಕ್ಷನ್. ವಿತ್ ಡ್ಯೂ ರೆಸ್ಪೆಕ್ಟ್ ಕೇಳುತ್ತೇನೆ; ಡ್ಯೂ ಎಂದರೆ ಬಾಕಿ ಎಂದು ನನ್ನ ನೆನಪು, ಆ ಅರ್ಥದಲ್ಲೇ ಕೇಳುತ್ತೇನೆ: ತಮ್ಮ ಮೊಮ್ಮಗುವನ್ನು ಈ ಇಬ್ಬರಲ್ಲಿ ಯಾರ ಕೈಗೆ ಒಪ್ಪಿಸುತ್ತೀರಿ?

ಮರುಪರೀಕ್ಷೆ ಮುಂದಿನ ತಿಂಗಳು. ಅದೇ ತರಗತಿ, ಅದೇ ತಾವು. ನಿನ್ನೆ ಬಟ್ಟೆ ಮಡಚುತ್ತ ಮಗಳು, ‘ಈ ಸಲ ನಾನೂ ಉರು ಹೊಡೆಸ್ತೀನಿ ಬಿಡಪ್ಪ. ಆ ಹುಡುಗಿಗೆ ಸುಮ್ನೆ ಕೂತಿರು ಅಂತ ಹೇಳ್ತೀನಿ’ ಎಂದಳು. ಫೇಲಾದದ್ದನ್ನು ಹೇಗೋ ನುಂಗಿಕೊಂಡಿದ್ದೆ. ಇದನ್ನು ನುಂಗಲಾಗಲಿಲ್ಲ. ತಮ್ಮ ತರಬೇತಿ ಕೊನೆಗೂ ಫಲ ಕೊಟ್ಟಿತಲ್ಲ ಸ್ವಾಮೀ!

ಆ ಕಾಲಂ ಕಿತ್ತುಹಾಕಿ. ಅದರ ಜಾಗದಲ್ಲಿ, ಪಾಠ ಮುಗಿದ ಮೇಲೆ, ‘ನನಗೆ ಹೊಳೆಯದೆ ಮಗುವಿಗೆ ಹೊಳೆದದ್ದು, ಆಗ ನಾನು ಮಾಡಿದ್ದು’ ಎಂದು ಬರೆಸಿ, ಅದಕ್ಕೆ ಅಂಕ ಕೊಡಿ. ಇನ್ನೊಂದು: ಮರುಪರೀಕ್ಷೆಗೆ ಮುಂಚಿನ ಮಂಗಳವಾರ ತಾವೇ ಆ ತರಗತಿಗೆ ಬಂದು ನಲವತ್ತು ನಿಮಿಷ ಭಿನ್ನರಾಶಿ ಕಲಿಸಿ. ಮುಖ್ಯೋಪಾಧ್ಯಾಯಿನಿ ಒಪ್ಪಿದ್ದಾರೆ, ಒಪ್ಪುವ ಮುನ್ನ ಬಹಳ ಹೊತ್ತು ನಕ್ಕರು. ನಾನು ಕೆಂಪು ಪೆನ್ನು ಹಿಡಿದು ಹಿಂದೆ ಕೂತಿರುತ್ತೇನೆ. ಮಕ್ಕಳಿಗೆ ನಾನೇನೂ ಹೇಳಿಕೊಟ್ಟಿಲ್ಲ. ಐದನೇ ತರಗತಿಗೆ ಅದರ ಅಗತ್ಯವಿಲ್ಲ.

ಇಂತಿ,
ತಮಗೆ ಕೃಪಾಂಕ ಕೊಡುವ ಮನಸ್ಸು ಸದ್ಯಕ್ಕಿಲ್ಲದ,
ಅನುತ್ತೀರ್ಣಳ ಅಪ್ಪ