ಹೋಗದ ವಾಯ್ಸ್‌ಮೇಲ್ ಗುರುತು

ಜೂನ್ 10, ಮಂಗಳವಾರ, ಬೆಳಿಗ್ಗೆ

ಎರಡು ಪ್ಯಾಂಟಿನ ಅಂಚು ಮಡಚಿ ಹೊಲಿದಾಯಿತು. ಮೂರನೆಯದಕ್ಕೆ ಕೈ ಓಡುತ್ತಿಲ್ಲ. ಫೋನಿನ ಮೇಲ್ತುದಿಯಲ್ಲಿ ಆ ಗುರುತು ಇನ್ನೂ ಕೂತಿದೆ — ಒಂದೇ ದಾರದಲ್ಲಿ ಬಿಗಿದ ಎರಡು ಗುಂಡಿಗಳ ಹಾಗೆ. 'ಹೊಸ ವಾಯ್ಸ್‌ಮೇಲ್'. ಭಾನುವಾರ ಅಕ್ಕನ ಮನೆಯಲ್ಲಿ ಚಾರ್ಜ್ ಮುಗಿದು ಫೋನ್ ಆಫ್ ಆಗಿತ್ತು. ಆನ್ ಮಾಡಿದಾಗಿನಿಂದ ಇದೇ ಗೋಳು. ಯಾರದ್ದು, ಏನು — ನಂಬರೂ ಇಲ್ಲ. ಒತ್ತಿದರೆ ಪಿನ್ ಕೇಳುತ್ತದೆ. ಯಾವ ಪಿನ್? ನನಗೆ ಗೊತ್ತಿರುವುದು ಬಟ್ಟೆಗೆ ಚುಚ್ಚುವುದೊಂದೇ.

ಬೇರೆ ಸಮಯವಾಗಿದ್ದರೆ ಹಾಳಾಗಿ ಹೋಗಲಿ ಅನ್ನುತ್ತಿದ್ದೆ. ಆದರೆ ಶನಿವಾರ ಪಕ್ಕದ ಅಂಗಡಿಯ ಗಡಿಯಾರ ರಿಪೇರಿಯವರನ್ನು ನಾನೇ ಕೇಳಿಬಿಟ್ಟಿದ್ದೇನೆ. "ನೀವೂ ಒಬ್ರೇ, ನಾನೂ ಒಬ್ಳೇ. ಮದುವೆ ಆಗೋಣ್ವಾ?" ಅವರು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ಕೂಡ ತೆಗೆಯಲಿಲ್ಲ. "ಯೋಚನೆ ಮಾಡಿ ಫೋನ್ ಮಾಡ್ತೀನಿ" ಅಂದರು. ನಡುವೆ ಇರುವುದು ಒಂದು ಗೋಡೆ. ಆದರೂ ಫೋನೇ ಆಗಬೇಕು ಮಹಾರಾಯರಿಗೆ!

ಮಾಡಿದ್ದಾರೋ? ಇದು ಅದೇನೋ?

ಅದೇ ದಿನ, ಸಂಜೆ

ಅಕ್ಕನಿಗೆ ಫೋನ್ ಮಾಡಿದೆ. "ಆಫ್ ಮಾಡಿ ಆನ್ ಮಾಡೇ, ಹೋಗುತ್ತೆ." ಹೋಗಲಿಲ್ಲ. "ಹಾಗಾದ್ರೆ ಅವರನ್ನೇ ಕೇಳೇ, ಬಾಯಿಲ್ವಾ ನಿಂಗೆ?" ಒಮ್ಮೆ ಕೇಳಿಯಾಗಿದೆ. ಮತ್ತೆ ಕೇಳಿದರೆ ದುಂಬಾಲು ಬಿದ್ದಂತೆ. ಉತ್ತರ ಬರುವವರೆಗೆ ಏನೂ ಆಗಿಲ್ಲದ ಹಾಗೆ ಇದ್ದುಬಿಡುವುದು ಅಂತ ತೀರ್ಮಾನ.

ಇದ್ದೆ ಕೂಡ. ಎಂದಿನಂತೆ ಟೀ ಕೊಟ್ಟೆ. ಅವರ ಕೋಟಿನ ಹರಿದ ಜೇಬು ಹೊಲಿದೆ. ಅವರು ಮುಖ ಎತ್ತಲಿಲ್ಲ.

"ಇದೆಲ್ಲ... ಇನ್ನೂ ಯಾಕೆ ಮಾಡ್ತೀರಿ?"

"ಜೇಬು ತೂತಾದ್ರೆ ಸ್ಕ್ರೂ ಎಲ್ಲ ಉದುರಿ ಹೋಗುತ್ತಲ್ಲ, ಅದಕ್ಕೆ."

ಈಗ ನನ್ನನ್ನೇ ನೋಡುತ್ತಾ ನಿಂತರು. ಯಾಕೆ ಹಾಗೆ ನೋಡಿದರು? ತಲೆ ಚಿಟ್ಟು ಹಿಡಿದಿದೆ.

ಜೂನ್ 12, ಗುರುವಾರ

ಮೊಬೈಲ್ ಅಂಗಡಿಯವನು ನೋಡಿದ ತಕ್ಷಣ "ಡೇಟಾ ಕ್ಲಿಯರ್ ಮಾಡ್ಬಿಡ್ತೀನಿ ಮೇಡಂ, ಗುರುತು ಮಾಯ" ಅಂದ.

"ಒಳಗಿರೋ ಮಾತು?"

"ಹೋದ್ರೆ ಹೋಗ್ಲಿ ಬಿಡಿ. ವಾಯ್ಸ್‌ಮೇಲ್ ಯಾರು ಕೇಳ್ತಾರೆ ಈಗ?"

ಅವನ ತಲೆ! ಕೈಯಿಂದ ಫೋನ್ ಕಿತ್ತುಕೊಂಡು ಬಂದೆ.

ಜೂನ್ 16, ಸೋಮವಾರ

ಕಸ್ಟಮರ್ ಕೇರ್. ಅವರ ಸಂಗೀತ ಕೇಳುತ್ತಲೇ ಒಂದು ಜಾಕೆಟ್‌ಗೆ ಜಿಪ್ ಹಾಕಿ ಮುಗಿಸಿದೆ. ಕೊನೆಗೆ ಒಬ್ಬಳು ಹುಡುಗಿ ಸಿಕ್ಕಿ ಹೊಸ ಪಿನ್ ಕೊಟ್ಟಳು. ಒತ್ತಿದೆ. "ನಿಮಗೆ ಯಾವುದೇ ಸಂದೇಶಗಳಿಲ್ಲ."

ಇಲ್ಲ ಅಂದರೆ? ಗುರುತು ಇದೆಯಲ್ಲ ತಾಯಿ! ಮತ್ತೆ ಸಂಗೀತ, ಮತ್ತೆ ಆ ಹುಡುಗಿ. "ಒಂದು ಬಂದಿತ್ತು ಮೇಡಂ, ಹೋದ ಭಾನುವಾರದ ಹಿಂದಿನ ಭಾನುವಾರ. ವಾರ ಕಳೆದ್ರೂ ಕೇಳ್ಲಿಲ್ಲ ಅಂದ್ರೆ ತಾನಾಗೇ ಅಳಿಸಿ ಹೋಗುತ್ತೆ. ಗುರುತು ಮಾತ್ರ ಸಿಕ್ಕಿಹಾಕ್ಕೊಂಡಿದೆ." ನಂಬರ್ ಕೇಳಿದೆ. ಗಡಿಯಾರದವರದ್ದೇ.

"ಯಾರಿಗಾದ್ರೂ ಹೊಸದೊಂದು ಸಂದೇಶ ಬಿಡೋಕೆ ಹೇಳಿ ಮೇಡಂ. ಅದನ್ನ ಕೇಳಿ ಅಳಿಸಿದ್ರೆ ಗುರುತೂ ಹೋಗುತ್ತೆ."

ಅಯ್ಯೋ ದೇವರೇ. ಉತ್ತರ ಬಂದಿತ್ತು. ಒಂದು ವಾರ ನನ್ನ ಹತ್ತಿರವೇ ಇತ್ತು. ಹೌದು ಅಂದಿದ್ದರೆ, ಇವಳ್ಯಾಕೆ ತುಟಿಪಿಟಕ್ಕೆನ್ನುತ್ತಿಲ್ಲ ಅಂದುಕೊಂಡಿರಬೇಕು. ಬೇಡ ಅಂದಿದ್ದರೆ... ಗೊತ್ತಾಗುವುದಾದರೂ ಹೇಗೆ? ಮಷೀನಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಜೂನ್ 17, ಮಂಗಳವಾರ, ಮಧ್ಯಾಹ್ನ

ಹೋದೆ. "ನನ್ನ ಫೋನ್ ರಿಪೇರಿಗೆ ನಿಮ್ಮದೊಂದು ವಾಯ್ಸ್‌ಮೇಲ್ ಬೇಕು. ಮೊನ್ನೆ ಹೇಳಿದ್ದನ್ನೇ ಇನ್ನೊಂದ್ಸಲ ಹೇಳಿ" ಅಂದೆ. ಕೇಳಿಸಿಕೊಂಡೇ ಇಲ್ಲ ಅನ್ನಲು ನಾಲಿಗೆ ಹೊರಳಲಿಲ್ಲ. ಪೆದ್ದಿ ಅಂದುಕೊಂಡುಬಿಟ್ಟರೆ?

"ಅದನ್ನ ಮತ್ತೆ ನನ್ನ ಬಾಯಿಂದ ಹೇಳಿಸ್ಬೇಡಿ."

ಆದರೆ ರಿಪೇರಿ ಅಂದರೆ ಅವರು ಇಲ್ಲ ಅನ್ನುವ ಆಸಾಮಿಯಲ್ಲ. "ಸರಿ. ನೀವು ಎತ್ತಬೇಡಿ" ಅಂದರು.

ಬಂದು ಕೂತೆ. ಫೋನ್ ಹೊಡೆದುಕೊಂಡಿತು. ಎತ್ತದೆ ಕೂರುವುದು ಎಷ್ಟು ಕಷ್ಟ! ಗೋಡೆಯಾಚೆ ಅವರ ಗೊಣಗೊಣ. ಕಿವಿಗೆ ಬೀಳದಿರಲೆಂದು ಸೂಜಿಯ ಕೆಳಗೆ ಬಟ್ಟೆ ಇಡದೆಯೇ ಮಷೀನ್ ಓಡಿಸಿದೆ. ಆಮೇಲೆ ಪಿನ್ ಹಾಕಿದೆ.

"ಹಲೋ... ನಾನು. ಮೊನ್ನೆ ಬೇಡ ಅಂದಿದ್ದೆ. ನೀವು ಮಾತು ಬಿಡ್ತೀರಿ ಅನ್ಕೊಂಡಿದ್ದೆ. ನೋಡಿದ್ರೆ ಟೀ ಕೊಟ್ರಿ, ಜೇಬು ಹೊಲಿದ್ರಿ, ಒಂದು ಚೂರೂ ಮುಖ ಸಣ್ಣ ಮಾಡ್ಲಿಲ್ಲ. ಇಂಥವರಿಗೆ ಬೇಡ ಅಂದ್ನಲ್ಲ ಅಂತ ವಾರವೆಲ್ಲ ಅದೇ ಯೋಚನೆ. ಈಗ... ಹೌದು ಅಂತೀನಿ. ತಡ ಆಯ್ತಾ?"

ಮತ್ತೆ ಮತ್ತೆ ಕೇಳಿದೆ. ಬೇಡ ಅಂದಿದ್ದರಾ! ಕೇಳಿದ್ದರೆ ಟೀ ಕೊಡುವುದಿರಲಿ, ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನನ್ನ ಬುದ್ಧಿ ನನಗೆ ಗೊತ್ತಿಲ್ಲವೇ? ಅವರು ಒಪ್ಪಿರುವ ಆ ದೊಡ್ಡ ಮನಸ್ಸಿನವಳು ಯಾರು? ಸಿಟ್ಟು ಬರುತ್ತಿದೆ. ಸಂತೋಷವೂ ಆಗುತ್ತಿದೆ. ಯಾವುದನ್ನು ಮೊದಲು ಪಡಬೇಕೋ ತಿಳಿಯುತ್ತಿಲ್ಲ.

ಅಳಿಸಲು ಏಳು ಒತ್ತಿ ಅನ್ನುತ್ತಿದೆ ಫೋನು. ಒತ್ತಿದರೆ ಗುರುತು ಹೋಗುತ್ತದೆ. ಬೇಡ, ಇರಲಿ.

ಬಾಗಿಲಲ್ಲಿ ಬಂದು ನಿಂತಿದ್ದಾರೆ. "ರಿಪೇರಿ ಆಯ್ತಾ?" ಅಂದರು. ಕೂತ್ಕೊಳ್ಳಿ, ಇದೊಂದು ಬರೆದು ಮುಗಿಸ್ತೀನಿ ಅಂದಿದ್ದೇನೆ. ಯಾವುದೋ ಅಳತೆ ಬರೆಯುತ್ತಿದ್ದಾಳೆ ಅಂದುಕೊಂಡಿದ್ದಾರೆ, ಪಾಪ. ತಲೆ ಎತ್ತಿದ ಕೂಡಲೇ ಹೇಳಬೇಕು, ನಿಮ್ಮ 'ಬೇಡ' ನನಗೆ ತಲುಪಲೇ ಇಲ್ಲ ಅಂತ. ಇಲ್ಲ, ಮೊದಲು ತಡವಾಗಿಲ್ಲ ಅಂತ ಹೇಳಿ, ಆಮೇಲೆ ನಿಧಾನವಾಗಿ—