ಸೇವಂತಿಗೆ ಯಾರ ಹೆಸರಿಗೆ

೧೦ ಅಕ್ಟೋಬರ್ ೧೯೫೬, ಬುಧವಾರ. ಸಂಜೆ ಆರು

ಸಾಲಿ ಬಿಟ್ಟಿತು, ಹುಡುಗರು ಹೋದರು. ಖೋಲಿಗಳ ಕಸ ಬಳಿದೆ, ಗಡಿಗೆ ತೊಳೆದು ಬೋರಲು ಹಾಕಿದೆ. ಮನೆಗೆ ಬಂದವಳೇ ಹಿತ್ತಲಿಗೆ ಹೋದೆ. ಸೇವಂತಿಗೆ ಅರಳಿವೆ.

ಮಗಳು ಶಾಂತಾ ಹಚ್ಚಿದ ಗಿಡ. ಹೆಡ್‌ಮಾಸ್ತರರ ಹಿತ್ತಲಿಂದ ಒಂದು ಕುಡಿ ಬೇಡಿ ತಂದು ಬಚ್ಚಲ ನೀರು ಹರಿಯುವಲ್ಲಿ ಚುಚ್ಚಿದ್ದಳು. ಹೂ ನೋಡಲಿಲ್ಲ. ಶ್ರಾವಣದಲ್ಲಿ ಜ್ವರ... ಎಂಟು ವರ್ಷದವಳು.

ಆಗ ದುರ್ಗವ್ವಗೆ ಹರಕೆ ಹೊರುತ್ತೇನೆ ಅಂದಿದ್ದೆ. ಇವರು ಬೇಡ ಅಂದರು. "ನಾವಿನ್ನ ಬುದ್ಧನ ಮಂದಿ, ಮರೆವ್ವ. ದವಾಖಾನಿಗೆ ನಡಿ." ದವಾಖಾನೆಗೇ ಹೋದೆವು. ಉಳಿಯಲಿಲ್ಲ. ಅದಕ್ಕೆ ಇವರನ್ನು ಅನ್ನುವುದಿಲ್ಲ.

ಇವರಿಗೆ ರಬಕವಿಯಲ್ಲಿ ನೂಲಿನ ಅಂಗಡಿಯ ಹಮಾಲಿ. ಶನಿವಾರಕ್ಕೊಮ್ಮೆ ಮನೆಗೆ. ಈ ಸಲ ಇವತ್ತೇ ಬಂದಿದ್ದಾರೆ. ನಾಳೆ ನಾಗಪುರಕ್ಕೆ, ಬುದ್ಧನ ಧಮ್ಮದ ದೀಕ್ಷೆಗೆ. ನಾನೂ ಬಿಳಿ ಸೀರೆ ಒಗೆದು ಮಡಿಚಿಟ್ಟಿದ್ದೆ.

"ಗಾಡಿ ಗಚ್ಚ ತುಂಬಿರತೈತಿ. ಹೆಣ್ಮಕ್ಕಳಿಗೆ ತ್ರಾಸ. ನೀ ಇಲ್ಲೇ ಇರು, ನಾ ಬಂದ ಓಣಿಗೆಲ್ಲಾ ದೀಕ್ಷಾ ಕೊಡತೇನಿ."

ಸೀರೆ ಟ್ರಂಕಿಗೆ ಹೋಯಿತು. ಅರಳಿದ್ದನ್ನೆಲ್ಲ ಕೊಯ್ದೆ — ಆ ಗಿಡಕ್ಕೆ ಮೊದಲ ಸಲ ಕೈ ಹಚ್ಚಿದ್ದು. ಒದ್ದೆ ಅರಿವೆಯಲ್ಲಿ ಸುತ್ತಿ ಕೊಟ್ಟೆ.

"ಬುದ್ಧನ ಮುಂದ ಇಡುವಾಗ ಶಾಂತಾನ ಹೆಸರ ಹೇಳ್ರಿ."

"ಹೇಳತೇನಿ. ಒಂದ ನಿನ್ನ ತಲಿಗೆ ಇಟ್ಕೊ."

"ಬ್ಯಾಡ್ರಿ. ಎಲ್ಲಾ ಆಕೀದು."

೧೪ ಅಕ್ಟೋಬರ್, ರವಿವಾರ. ಮಧ್ಯಾಹ್ನ

ಈ ಹೊತ್ತಿಗೆ ಅಲ್ಲಿ ದೀಕ್ಷೆ ಆಗಿರಬೇಕು. ಗೋಡೆಯ ಮಾಡದೊಳಗಿನ ದುರ್ಗವ್ವನ ಬೆಳ್ಳಿ ತಗಡು ಹಳ್ಳಕ್ಕೆ ಬಿಟ್ಟು ಬಂದೆ. ಬಿಟ್ಟ ಮೇಲೆ ಕೈ ತಾನಾಗಿ ಮುಗಿಯಿತು. ರೂಢಿ.

ಪಕ್ಕದ ಮನೆಯ ಅನಸವ್ವ ಮುದುಕಿ ಕಟ್ಟೆ ಮೇಲಿಂದ: "ಏನ ಬೇ, ಗಂಡನ್ನೂ ಕಳಿಸಿದಿ, ದೇವರ್ನೂ ಕಳಿಸಿದಿ. ಇನ್ನ ಮನ್ಯಾಗ ಯಾರ ಇರತಾರ?"

"ನಾ ಇರತೇನಲ್ಲ."

"ಇರು ಇರು. ಇಲಿ ಹೆದರಿಸಾಕ ಬೇಕ ಒಬ್ಬರು."

ಐದು ಶೀಲ ಬಾಯಿಪಾಠ ಮಾಡಿದೆ. ಕೊಲ್ಲುವುದಿಲ್ಲ. ಕದಿಯುವುದಿಲ್ಲ. ವ್ಯಭಿಚಾರ ಮಾಡುವುದಿಲ್ಲ. ಸುಳ್ಳು ಹೇಳುವುದಿಲ್ಲ. ಸೆರೆ ಕುಡಿಯುವುದಿಲ್ಲ. ಇವರೇ ಕಲಿಸಿದ್ದು, ಒಲೆ ಮುಂದೆ ಕೂತು. ಹಂಗಾದರೆ ಹೂ ಕೊಯ್ಯುವುದು ಕೊಂದಂತೆ ಅಲ್ಲವೇನು ಅಂತ ಕೇಳಿದ್ದೆ. ನಕ್ಕಿದ್ದರು. "ಹೂ ಬಾಡತೈತಿ, ನಾವೂ ಬಾಡತೇವಿ. ಅದು ನೆಪ್ಪಿರಲಿ ಅಂತ ಇಡೂದು."

ಇಂಥ ಮಾತಿಗೇ ಇವರ ಮೇಲೆ ಜೀವ. ಲಗ್ನ ಆಗಿ ಹದಿಮೂರು ವರ್ಷ ಆಯಿತು, ಬಾಯಿ ಬಿಟ್ಟು ಹೇಳಿಲ್ಲ.

೧೯ ಅಕ್ಟೋಬರ್, ಶುಕ್ರವಾರ. ಸೀಗಿ ಹುಣ್ಣಿಮೆ ಮುಗಿಯಿತು

ಬಂದರು. ಬುದ್ಧನ ಫೋಟೋ ತಂದಿದ್ದಾರೆ. ದುರ್ಗವ್ವ ಇದ್ದ ಮಾಡದಲ್ಲೇ ಇಟ್ಟೆ.

"ಹೆಸರ ಹೇಳಿದ್ರಿ?"

"ಹೇಳಿದೆ." ರೊಟ್ಟಿ ಮುರಿಯುತ್ತಿದ್ದರು.

"ಜೋರಲೆ ಹೇಳಿದ್ರಿ?"

"ಲಕ್ಷಗಟ್ಲೆ ಮಂದಿ. ಜೋರಲೆ ಹೇಳಿದ್ರ ಯಾರಿಗೆ ಕೇಳತೈತಿ? ಹೇಳಿದೆ ಅಂದ್ನಲ್ಲ."

ಸಾಕು. ಹೇಳಿದ್ದಾರಲ್ಲ. ಬರುವ ರವಿವಾರ ಬಿಟ್ಟು ಮುಂದಿನ ರವಿವಾರ ಓಣಿಯವರಿಗೆ ಇವರೇ ಶೀಲ ಕೊಡುವುದು. ಅನಸವ್ವನೂ ಬರುತ್ತಾಳಂತೆ. ಚಹಾ ಇದ್ದರೆ.

೨೩ ಅಕ್ಟೋಬರ್, ಮಂಗಳವಾರ. ಸಂಜೆ ಐದು

ಸಾವಳಗಿಯ ಪರಸಪ್ಪ ಅನ್ನುವವರು ಬಂದಿದ್ದರು. ಇವರ ಸಂಗಡ ಗಾಡಿಯಲ್ಲಿ ಹೋದವರು. ಇವರು ಮರೆತ ಹಿತ್ತಾಳೆ ತಂಬಿಗೆ ಕೊಡಲು ಬಂದದ್ದು.

"ದಶರಥನ ಮನಿ ಇದ ಏನ್ರಿ? ನೀವು ಅವನ ಅಕ್ಕನ್ರಿ?"

"ಹೇಣ್ತಿ."

ನನ್ನ ಬಳೆ ನೋಡಿದರು. ಕರಿಮಣಿ ನೋಡಿದರು. ತಂಬಿಗೆ ಕೈಯಲ್ಲೇ ಉಳಿಯಿತು.

"ತಿಳೀಲಿಲ್ರಿ... ಹೇಣ್ತಿ ತೀರಕೊಂಡಾಳ ಅಂದಿದ್ದ."

ಚಹಾ ಮಾಡಿ ಕೊಟ್ಟೆ. ಕೇಳಿದ್ದಕ್ಕೆಲ್ಲ ಹೇಳಿದರು, ಪಾಪ, ನೆಲ ನೋಡುತ್ತ. ಕೆಂಪವ್ವ ಅಂತ, ರಬಕವಿಯವಳು, ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಕೆಲಸ, ಗಂಡ ಸತ್ತವಳು. ಇವರ ಪಕ್ಕದಲ್ಲೇ ಬಿಳಿ ಸೀರೆ ಉಟ್ಟು ದೀಕ್ಷೆ ತಗೊಂಡಳು. ದೀಪಾವಳಿ ಆದ ಮೇಲೆ ಇವರಿಬ್ಬರ ಲಗ್ನ.

"ಆಕಿ ಏನ ತಪ್ಪ ಮಾಡಿಲ್ರಿ ಯಕ್ಕಾ. ಆಕೀಗೂ ಗೊತ್ತಿಲ್ಲ. ಸೇವಂತಿಗಿ ಹೂ ಆಕೀನ ಇಟ್ಟಳು. ಅಳಕೋಂತ ಇಟ್ಟಳ್ರಿ. ನಿಮ್ಮ ಹೆಸರ್ಲೆ."

"ನನ್ನ ಹೆಸರ್ಲೆ?"

"ದಶರಥ ಹಂಗಂದ. ಇವು ಮರೆವ್ವನ ಹೂ, ಆಕೀಗೆ ಶಾಂತಿ ಸಿಗಲಿ ಅಂದ."

ಶಾಂತಾನ ಹೆಸರು ಬಂತೇನು ಅಂತ ಕೇಳಿದೆ. ಪರಸಪ್ಪ ಬಹಳ ಹೊತ್ತು ನೆನೆಸಿದರು. ಇಲ್ಲ ಅಂದರು.

೨೪ ಅಕ್ಟೋಬರ್

ಸಾಲಿಗೆ ಹೋಗಿ ಬಂದೆ.

೨೭ ಅಕ್ಟೋಬರ್, ಶನಿವಾರ. ದೀಪ ಹಚ್ಚುವ ಹೊತ್ತು

ಬಂದರು. ಕಾಲಿಗೆ ಆ ಹಿತ್ತಾಳೆ ತಂಬಿಗೆಯಲ್ಲೇ ನೀರು ಕೊಟ್ಟೆ. ಆಮೇಲೆ ಕೇಳಿದೆ.

"ನಾ ಯಾವಾಗ ಸತ್ತೆನ್ರಿ?"

ತಂಬಿಗೆ ನೋಡಿದರು. ತಿಳಿಯಿತು. "ಪರಸ್ಯಾ ಬಂದಿದ್ದನೇನ?"

ಆ ಮಾತು ಇರಲಿ, ಕೂಸಿನ ಹೂ ಯಾಕೆ ಅಂಥ ಸುಳ್ಳಿಗೆ ಇಟ್ಟಿರಿ ಅಂದೆ. ತಂಬಿಗೆ ಬದಿಗಿಟ್ಟರು — "ನಾಳಿ ಸಭಾ ಆಗಿ ಹೋಗಲಿ. ಮಂದಿ ಮುಂದ ಬಾಯಿ ಬಿಡಬ್ಯಾಡ. ಧಮ್ಮದ ಕೆಲಸ ಕೆಡತೈತಿ."

ಧಮ್ಮ ಇವರದೊಂದೇ ಏನು? ಅನ್ನಲಿಲ್ಲ. ನುಚ್ಚು ಬಡಿಸಿದೆ. ಉಂಡರು. ನಾನು ಉಣ್ಣಲಿಲ್ಲ.

೨೮ ಅಕ್ಟೋಬರ್, ರವಿವಾರ. ಸಂಜೆ ಏಳು

ಓಣಿ ಪೂರ ಕೂತಿತ್ತು. ಇವರು ಬಿಳಿ ಅಂಗಿ. ನಾನು ಟ್ರಂಕಿನ ಸೀರೆ ತೆಗೆದು ಉಟ್ಟು ಹೆಂಗಸರ ನಡುವೆ ಕೂತೆ. ಅನಸವ್ವ ಕಿವಿಯಲ್ಲಿ — "ಬಿಳೀದ ಯಾಕ ಉಟ್ಟಿ ಬೇ, ಗಂಡ ಇಲ್ಲೇ ಅದಾನಲ್ಲ?" ದೀಕ್ಷೆಗೆ ಹಿಂಗೇ ಅಂದೆ.

ಇವರು ಹೇಳಿಕೊಟ್ಟರು, ಮಂದಿ ಹಿಂದೆ ಅಂದರು. ಕೊಲ್ಲುವುದಿಲ್ಲ. ಕದಿಯುವುದಿಲ್ಲ. ಆಮೇಲೆ ಒಂದು ಉಸಿರು ಎಳೆದು — ಸುಳ್ಳು ಹೇಳುವುದಿಲ್ಲ. ಸೆರೆ ಕುಡಿಯುವುದಿಲ್ಲ. ಕೈ ಮುಗಿದು ಆತು ಅಂದರು.

ಅನಸವ್ವ ಬೆರಳು ಮಡಿಚುತ್ತಿದ್ದಳು. "ಐದ ಅಂದಿದ್ದೆಲ್ಲೋ ದಶರಥ. ಒಂದ ನಾಗಪುರದಾಗ ಬಿಟ್ಟ ಬಂದಿ ಏನ?"

ಮಂದಿ ನಕ್ಕರು. ಇವರು ನನ್ನ ಕಡೆ ನೋಡಿದರು. ಸುಮ್ಮನಿರು ಅನ್ನುವ ನೋಟ. ಹದಿಮೂರು ವರ್ಷ ಸುಮ್ಮನೇ ಇದ್ದೆ.

ಎದ್ದು ನಿಂತೆ. "ಮೂರನೇದು ಉಳೀತ್ರಿ."

ನಾನೇ ಹೇಳಿದೆ. ವ್ಯಭಿಚಾರ ಮಾಡುವುದಿಲ್ಲ. ಓಣಿ ಪೂರ ನನ್ನ ಹಿಂದೆ ಅಂದಿತು, ಹುಡುಗರು, ಮುದುಕರು ಎಲ್ಲ. ಇವರೊಬ್ಬರು ಅನ್ನಲಿಲ್ಲ. ಮೊದಲ ಸಾಲಿನವರು ಅದನ್ನು ನೋಡಿದರು. ನಗೆ ನಿಂತಿತು.

ಬೇರೆ ಏನೂ ಅನ್ನಲಿಲ್ಲ ನಾನು. ಕೂತೆ. ಅನಸವ್ವ ನನ್ನ ಕೈ ಹಿಡಿದುಕೊಂಡಳು, ಚಹಾ ಬಂದರೂ ಬಿಡಲಿಲ್ಲ.

೨೯ ಅಕ್ಟೋಬರ್, ಸೋಮವಾರ

ಬೆಳಿಗ್ಗೆ ರಬಕವಿಗೆ ಹೋದರು. ಬುತ್ತಿ ಒಯ್ಯಲಿಲ್ಲ. "ಮಂದ್ಯಾಗ ನನ್ನ ಮಾನ ಕಳದಿ" ಅಂದರು, ಬಾಗಿಲಲ್ಲಿ ನಿಂತು. ಬುತ್ತಿ ನಾನೇ ಉಂಡೆ.

೩೧ ಅಕ್ಟೋಬರ್, ಬುಧವಾರ. ಸಂಜೆ ಆರು

ನಾಳೆಯಿಂದ ನಮ್ಮ ಊರು ಮುಂಬಯಿ ರಾಜ್ಯದಲ್ಲಿ ಇಲ್ಲ, ಮೈಸೂರಿಗೆ. ಸಾಲಿಯಲ್ಲಿ ನಿಶಾನೆ ಏರಿಸಿ ಪೇಢೆ ಹಂಚುವುದಿದೆ. ಹೆಡ್‌ಮಾಸ್ತರರು ಕೇಳಿದರು, "ಮರೆವ್ವ, ನಮ್ಮ ಹಿತ್ತಲದ ಹೂ ಸಾಲಂಗಿಲ್ಲ, ನಿಮ್ಮಲ್ಲಿ ಸೇವಂತಿಗಿ ಅದಾವಂತಲ್ಲ, ಹಾರಕ್ಕ ತಾ." ಇಲ್ಲ ಅಂದೆ. ಅವರಿಗೆ ಮೊದಲ ಸಲ ಇಲ್ಲ ಅಂದದ್ದು. ನಾಳೆ ಹೊತ್ತಾಗಿ ಬರುತ್ತೇನೆ ಅಂತಲೂ ಹೇಳಿದೆ.

ಮಧ್ಯಾಹ್ನ ಪರಸಪ್ಪ ಸಾಲಿ ಗೇಟಿಗೆ ಬಂದಿದ್ದರು. ಕೆಂಪವ್ವಗೆ ಎಲ್ಲ ಹೇಳಿದರಂತೆ. ನಂಬಲಿಲ್ಲಂತೆ.

"ತನ್ನ ಕಣ್ಣಲೆ ನೋಡಬೇಕಂತಾಳ್ರಿ ನಿಮ್ಮನ್ನ."

"ಸತ್ತಾಕೀನ್ನ?"

ಅವರು ನಗಲಿಲ್ಲ. ನನಗೇ ನಗೆ ಬಂತು. ಶ್ರಾವಣದಿಂದ ಈಚೆಗೆ ಮೊದಲ ಸಲ.

ಗಿಡದಲ್ಲಿ ಅವತ್ತು ಮೊಗ್ಗಾಗಿ ಉಳಿದವು ಅರಳಿವೆ. ಕೊಯ್ದಿಲ್ಲ. ಆಕೆ ಬಂದ ಮೇಲೆ ಗಿಡ ತೋರಿಸಿ, ಇದು ಯಾರು ಹಚ್ಚಿದ್ದು ಅಂತ ಹೇಳಬೇಕು. ಹೆಸರು ಹೇಳಬೇಕು, ಜೋರಾಗಿ...

ನಾಳೆ ಹತ್ತರ ಬಸ್ಸಿಗೆ ಕೆಂಪವ್ವ ಬರುತ್ತಾಳೆ.