ನನ್ನ ಹೆಸರಿನ ನೇಮ

ಚಿಕ್ಕೋಡಿ

ಪೂಜ್ಯ ಮಾವನವರಿಗೆ ಸೊಸೆ ತ್ರಿಶಲಾಳ ಜಯ ಜಿನೇಂದ್ರ.

ಸೊಸೆ ಮಾವನೆದುರು ಮಾತಾಡುವ ರೂಢಿ ನಮ್ಮ ಮನೆಯಲ್ಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನೆ ಬಸದಿಯಲ್ಲಿ ಮುನಿಗಳ ಮುಂದೆ, "ಚಾತುರ್ಮಾಸ ಮುಗಿಯೂತನಕ ನಮ್ಮ ಸೊಸಿ ಮೊಬೈಲ್ ಗೇಮ್ ಬಿಟ್ಟಾಳ್ರಿ" ಎಂದು ನನ್ನ ಹೆಸರಿನಲ್ಲಿ ನೀವೇ ನೇಮ ಹಿಡಿದಿರಿ. ಮನೆಗೆ ಬಂದು ನನ್ನ ಫೋನನ್ನು ತಿಜೋರಿಗೆ ಹಾಕಿದಿರಿ. ಒಬ್ಬರ ಉಪವಾಸವನ್ನು ಇನ್ನೊಬ್ಬರು ಮಾಡಲು ಬರುತ್ತದೆಯೇ?

ಏನು ಬಿಡಬೇಕೆಂದು ನಾನೇ ಹೇಳುತ್ತೇನೆ. ಈ ವರ್ಷ ಆಡಿದವುಗಳಲ್ಲಿ ಬಂದೂಕಿನ ಆಟಕ್ಕೆ ಮೂರನೇ ಸ್ಥಾನ. ನನ್ನ ಗುರಿ ಚೆನ್ನಾಗಿತ್ತು, ಆದರೆ ಕೊಲ್ಲುವುದು ಸಾಕಾಯಿತು. ಅದನ್ನು ಬಿಟ್ಟೆ. ಎರಡನೆಯದು ಹೊಲ ಮಾಡುವ ಆಟ. ಯಾವ ಬೆಳೆ ಹಾಕಬೇಕೆಂದು ಅದು ನನ್ನನ್ನು ಕೇಳುತ್ತದೆ. ಈ ಮನೆಯಲ್ಲಿ ಯಾರೂ ಕೇಳಿಲ್ಲ. ಬಿಡುವುದಿಲ್ಲ. ಮೊದಲನೆಯದು ಕಾರ್ ರೇಸು. ಅದನ್ನು ಬಿಡುವ ಮಾತೇ ಇಲ್ಲ, ಏಕೆಂದರೆ ಅದರಲ್ಲಿ ನನ್ನ ಜೋಡಿ ಅತ್ತೆಯವರು. ಫೋನು ತಿಜೋರಿಯಲ್ಲಿರುವುದು ತಿಳಿಯದೆ ಇವತ್ತು ಸಂಜೆಯೂ ಊಟ ಮುಗಿಸಿ ಕೇಳಿದರು: "ಹೊತ್ತ ಮುಳಗೂದ್ರಾಗ ಉಂಡೀವಲ್ಲ, ಇನ್ನೇನ ಅಡ್ಡಿ? ತಗೀ ಫೋನ."

ತಿಜೋರಿಯ ಕೀಲಿ ಕೊಡಿ. ಇಲ್ಲವಾದರೆ ನಾಳೆ ಬಸದಿಯಲ್ಲಿ ಅತ್ತೆಯವರ ಹೆಸರಿನಲ್ಲೂ ಒಂದು ನೇಮ ಹಿಡಿದು ತೋರಿಸಿ.

ನಿಮ್ಮ ಸೊಸೆ,
ತ್ರಿಶಲಾ